ಲೋಡ್ ಹೊರಟ ಮೇಲೆ ಬೆಳೆ ಯಾರ ಕೈಯಲ್ಲಿದೆ? ಸಾಗಾಟದಲ್ಲಿ ಡಿಜಿಟಲ್ ವ್ಯವಸ್ಥೆಯ ಉಪಯೋಗ

ರೈತರಾದ ನಾವು ರೋಗ, ಕೀಟ, ದರ ಈ ಮೂರರ ಬಗ್ಗೆ ದಿನವಿಡೀ ಮಾತಾಡುತ್ತೇವೆ. ಬೆಳೆ ಲಾರಿ ಹತ್ತಿದ ಮೇಲೆ ಏನಾಗುತ್ತದೆ ಎಂಬ ಬಗ್ಗೆ ಮಾತಾಡುವುದು ಕಡಿಮೆ. ಲಾರಿ ಹೊರಟಿತು, ಇನ್ನು ದೇವರು ಬಿಟ್ಟ ಹಾಗೆ ಅಂತ ಮನೆಗೆ ಬಂದು ಮಲಗುತ್ತೇವೆ. ನಾನೂ ಹಾಗೇ ಇದ್ದೆ. ಒಂದು ಲೋಡ್ ಟೊಮೆಟೊ ನನಗೆ ಪಾಠ ಕಲಿಸಿತು. ಅದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಕೋಲಾರ ಮಾರುಕಟ್ಟೆಯಲ್ಲಿ ದರ ಕುಸಿದಿತ್ತು. ನಾಗಪುರದಲ್ಲಿ ದರ ಚೆನ್ನಾಗಿದೆ ಎಂದು ತಿಳಿದು ನಾವು ನಾಲ್ಕು ಜನ ಸೇರಿ 15 ಕೆಜಿಯ 600 ಬಾಕ್ಸ್ ಕಳಿಸಿದೆವು. ಸಂಜೆ 6 ಗಂಟೆಗೆ ಲಾರಿ ಹೊರಟಿತು. ಸುಮಾರು ಸಾವಿರ ಕಿಲೋಮೀಟರ್ ದಾರಿ. ಮರುದಿನ ರಾತ್ರಿ ಮುಟ್ಟಿ, ಅದರ ಮರುದಿನ ಬೆಳಗಿನ ಹರಾಜಿಗೆ ಸಿಗಬೇಕಿತ್ತು. ಬೆಳಗ್ಗೆ ಚಾಲಕ ಫೋನ್ ಮಾಡಿ ಹೈದರಾಬಾದ್ ದಾಟಿದೆ ಎಂದ. ಮಧ್ಯಾಹ್ನದ ಮೇಲೆ ಅವನ ಫೋನ್ ಸ್ವಿಚ್ ಆಫ್. ಲಾರಿ ಮುಟ್ಟಿದ್ದು ಪೂರ್ತಿ ಒಂದು ದಿನ ತಡವಾಗಿ. ಕೆಳಗಿನ ಸಾಲಿನ ಬಾಕ್ಸ್‌ಗಳಿಂದ ರಸ ಸೋರುತ್ತಿತ್ತಂತೆ. 170 ಬಾಕ್ಸ್ ಚೆಲ್ಲಿದರು. ಉಳಿದದ್ದು ಅರ್ಧ ದರಕ್ಕೆ ಹೋಯಿತು.

ಸಾಗಾಟದ ಕಂಪನಿಯವರನ್ನು ಕೇಳಿದರೆ ‘ಟ್ರಾಫಿಕ್ ಇತ್ತಂತೆ’ ಎಂದರು. ನಮ್ಮ ಊರಲ್ಲಿ ಚಾಲಕ ಕುಡಿದು ಮಲಗಿದ್ದ ಎಂದು ಸುದ್ದಿಯಾಯಿತು. ನಾವೂ ಅದನ್ನೇ ನಂಬಿ ಬಾಡಿಗೆಯ ಬಾಕಿ ಹಣ ಕೊಡಲಿಲ್ಲ. ಎರಡು ತಿಂಗಳ ನಂತರ ಲಾರಿಯ ಮಾಲೀಕ ತನ್ನ ಫೋನ್ ಹಿಡಿದು ಮನೆಗೇ ಬಂದ. ಅದರಲ್ಲಿ ಫಾಸ್ಟ್ಯಾಗ್ ಮೆಸೇಜುಗಳಿದ್ದವು. ಒಂದೊಂದು ಟೋಲ್ ದಾಟಿದ ಸಮಯ ಸರಿಯಾಗಿ ಇತ್ತು. ಮಧ್ಯಾಹ್ನ 3.20ಕ್ಕೆ ಒಂದು ಟೋಲ್. ಅದರ ಮುಂದಿನ ಟೋಲ್ ಮರುದಿನ ಸಂಜೆ 7ಕ್ಕೆ. ಆ ನಡುವೆ ಹಿಂದಿನ ಚಕ್ರದ ಬೇರಿಂಗ್ ಹೋಗಿತ್ತು. ಗ್ಯಾರೇಜಿನ ಬಿಲ್ಲೂ ಅವನ ಕೈಲಿತ್ತು. ಚಾಲಕ ಫೋನಲ್ಲಿ ಚಾರ್ಜ್ ಇಲ್ಲದೆ, ಸಿಗ್ನಲ್ ಇಲ್ಲದ ಜಾಗದಲ್ಲಿ ನಡೆದುಕೊಂಡು ಹೋಗಿ ಮೆಕ್ಯಾನಿಕ್ ಕರೆತಂದಿದ್ದ.

ನಾವು ಬಾಕಿ ಹಣ ಕೊಟ್ಟೆವು. ಮುಖ ಎತ್ತಲಾಗಲಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಆ ಮೆಸೇಜ್ ಅದೇ ದಿನ ಮಾಲೀಕನ ಫೋನಿಗೆ ಬಂದಿತ್ತು. ಸಂಜೆ 6ರ ಹೊತ್ತಿಗೆ ಯಾರಾದರೂ ಅದನ್ನು ನೋಡಿ, ‘ಮುಂದಿನ ಟೋಲ್ ಇನ್ನೂ ಬಂದಿಲ್ಲವಲ್ಲ’ ಎಂದು ಕೇಳಿದ್ದರೆ ರಾತ್ರಿಯೊಳಗೆ ಇನ್ನೊಂದು ಲಾರಿಗೆ ಮಾಲು ಬದಲಾಯಿಸಬಹುದಿತ್ತು. ಮಾಹಿತಿ ಇತ್ತು. ನೋಡುವವರು ಇರಲಿಲ್ಲ.

ತಡೆದುಕೊಳ್ಳುವ ಶಕ್ತಿ ಎಂದರೆ ಏನು?

ಹೊಲದಿಂದ ಗ್ರಾಹಕನ ತನಕ ಬೆಳೆ ದಾಟುವ ಕೈಗಳ ಸಾಲಿಗೆ ಪೂರೈಕೆ ಸರಪಳಿ ಎನ್ನುತ್ತಾರೆ. ಕೊಯ್ಲು, ವಿಂಗಡಣೆ, ಪ್ಯಾಕಿಂಗ್, ಲಾರಿ, ಶೀತಲ ಗೃಹ, ಮಾರುಕಟ್ಟೆ, ಅಂಗಡಿ, ಹೀಗೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಹಿಂದಿನ ಎಲ್ಲ ಕೆಲಸ ವ್ಯರ್ಥ.

ಕೊಂಡಿ ಕಳಚುವುದೇ ಇಲ್ಲ ಎಂಬ ವ್ಯವಸ್ಥೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಮಳೆ ಬರುತ್ತದೆ, ಗುಡ್ಡ ಕುಸಿಯುತ್ತದೆ, ಬಂದ್ ಆಗುತ್ತದೆ, ಬೇರಿಂಗ್ ಹೋಗುತ್ತದೆ. ಪೆಟ್ಟು ಬಿದ್ದಾಗ ಬೇಗ ತಿಳಿಯಬೇಕು, ಬೇಗ ಬೇರೆ ದಾರಿ ಹಿಡಿಯಬೇಕು, ನಷ್ಟ ಚಿಕ್ಕದರಲ್ಲೇ ನಿಲ್ಲಬೇಕು. ಇದೇ ತಡೆದುಕೊಳ್ಳುವ ಶಕ್ತಿ. ಒಂದೇ ಬೋರ್‌ವೆಲ್ ನಂಬಿದ ತೋಟಕ್ಕೂ, ಬೋರ್‌ವೆಲ್ ಜೊತೆಗೆ ಕೃಷಿ ಹೊಂಡವೂ ಇರುವ ತೋಟಕ್ಕೂ ಇರುವ ವ್ಯತ್ಯಾಸ ಇದು. ಮೋಟಾರ್ ಸುಡುವುದು ಎರಡೂ ಕಡೆ ಇದ್ದದ್ದೇ. ಒಂದು ತೋಟ ಒಣಗುತ್ತದೆ, ಇನ್ನೊಂದು ಒಂದು ವಾರ ತಾಳುತ್ತದೆ.

ಸಾಗಾಟದ ಕಂಪನಿಗಳು ಡಿಜಿಟಲ್ ವ್ಯವಸ್ಥೆಗೆ ಹಣ ಹಾಕುತ್ತಿರುವುದು ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯಲು. ಮಾಲು ಎಲ್ಲಿದೆ? ಹೇಗಿದೆ? ದಾರಿ ಮುಚ್ಚಿದರೆ ಬೇರೆ ದಾರಿ ಯಾವುದು? ಗಾಡಿ ಕೆಟ್ಟರೆ ಬೇರೆ ಗಾಡಿ ಎಲ್ಲಿ? ಒಂದೊಂದಾಗಿ ನೋಡೋಣ.

ಮಾಲು ಎಲ್ಲಿದೆ?

ಲಾರಿಗೆ ಜಿಪಿಎಸ್ ಸಾಧನ ಹಾಕಿದರೆ ಅದು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಲೆಕ್ಕ ಹಾಕಿ, ಒಳಗಿರುವ ಸಿಮ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. ಸಿಗ್ನಲ್ ಇಲ್ಲದ ಕಡೆ ಒಳ್ಳೆಯ ಸಾಧನಗಳು ಮಾಹಿತಿಯನ್ನು ಉಳಿಸಿಕೊಂಡು, ಸಿಗ್ನಲ್ ಬಂದಾಗ ಒಟ್ಟಿಗೆ ಕಳಿಸುತ್ತವೆ. ಸಾಧನ ಇಲ್ಲದ ಲಾರಿಗಳಿಗೆ ಚಾಲಕನ ಒಪ್ಪಿಗೆ ಪಡೆದು ಅವನ ಮೊಬೈಲ್ ಯಾವ ಟವರ್ ವ್ಯಾಪ್ತಿಯಲ್ಲಿದೆ ಎಂದು ನೋಡುವ ಕ್ರಮವೂ ಇದೆ. ಅದರಲ್ಲಿ ಜಾಗ ಅಂದಾಜು ಮಾತ್ರ ಸಿಗುತ್ತದೆ.

ಬರೀ ನಕ್ಷೆಯಲ್ಲಿ ಚುಕ್ಕಿ ನೋಡುವುದರಿಂದ ಹೆಚ್ಚು ಪ್ರಯೋಜನ ಇಲ್ಲ. ನಿಗದಿ ಮಾಡಿದ ಹೊತ್ತಿಗಿಂತ ಹೆಚ್ಚು ಗಾಡಿ ನಿಂತರೆ, ದಾರಿ ಬಿಟ್ಟು ಹೋದರೆ, ತಲುಪುವ ಸಮಯ ಜಾರಿದರೆ ಕಂಪ್ಯೂಟರ್ ತಾನಾಗಿ ಎಚ್ಚರಿಸಬೇಕು. ಅದನ್ನು ಕೇಳಿಸಿಕೊಂಡು ಫೋನ್ ಎತ್ತುವ ಮನುಷ್ಯನೂ ಬೇಕು. ಒಳ್ಳೆಯ ಕಂಪನಿಗೂ ಸಾಧಾರಣ ಕಂಪನಿಗೂ ವ್ಯತ್ಯಾಸ ಇಲ್ಲೇ ಇರುವುದು.

ಫಾಸ್ಟ್ಯಾಗ್ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ಇದು ಕಡ್ಡಾಯವಾಯಿತು. ಟೋಲಿನ ರೀಡರ್ ರೇಡಿಯೋ ಅಲೆಯಿಂದ ಗಾಜಿನ ಮೇಲಿನ ಚೀಟಿ ಓದಿ ಹಣ ಕಡಿತ ಮಾಡುತ್ತದೆ. ಹಣ ಕಡಿತದ ಜೊತೆಗೆ ಗಾಡಿ ಎಲ್ಲಿ, ಎಷ್ಟು ಹೊತ್ತಿಗೆ ದಾಟಿತು ಎಂಬುದೂ ದಾಖಲಾಗುತ್ತದೆ. 2022ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯಲ್ಲಿ ಯುಲಿಪ್ ಎಂಬ ವ್ಯವಸ್ಥೆ ಇದೆ. ವಾಹನ ನೋಂದಣಿ, ಚಾಲನಾ ಪರವಾನಗಿ, ಫಾಸ್ಟ್ಯಾಗ್, ರೈಲ್ವೆ ಸರಕು, ಕಂಟೇನರ್ ಮಾಹಿತಿ, ಹೀಗೆ ಬೇರೆ ಬೇರೆ ಇಲಾಖೆಗಳಲ್ಲಿ ಚದುರಿದ್ದನ್ನು ಒಂದೇ ಬಾಗಿಲಿಂದ ಸಾಗಾಟದ ಕಂಪನಿಗಳ ತಂತ್ರಾಂಶಕ್ಕೆ ಕೊಡುವುದು ಇದರ ಕೆಲಸ. ಅಂದರೆ ಜಿಪಿಎಸ್ ಇಲ್ಲದ ಬಾಡಿಗೆ ಲಾರಿಯೂ ಟೋಲ್‌ನಿಂದ ಟೋಲಿಗೆ ಕಾಣುತ್ತದೆ. ಸಣ್ಣ ಲಾರಿ ಮಾಲೀಕರೇ ಹೆಚ್ಚಿರುವ ನಮ್ಮ ದೇಶದಲ್ಲಿ ಇದು ದೊಡ್ಡ ಅನುಕೂಲ.

ರಫ್ತು ಮಾಡುವವರಿಗೆ ಇನ್ನೊಂದು ಇದೆ. ಬಂದರಿನಿಂದ ಹೋಗುವ, ಬರುವ ಕಂಟೇನರಿಗೆ ರೇಡಿಯೋ ಚೀಟಿ ಹಾಕಿ ಹಿಂಬಾಲಿಸುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ 2016ರಲ್ಲಿ ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನಲ್ಲಿ ಶುರುವಾಗಿ, ನಂತರ ಬೇರೆ ಬಂದರುಗಳಿಗೂ ಬಂತು. ನಾಲ್ಕು ಅಕ್ಷರ ಮತ್ತು ಏಳು ಅಂಕಿಯ ಕಂಟೇನರ್ ನಂಬರ್ ಕೊಟ್ಟರೆ ಅದು ಯಾವ ಹಂತದಲ್ಲಿದೆ ಎಂದು ತಿಳಿಯುತ್ತದೆ. ದ್ರಾಕ್ಷಿ, ದಾಳಿಂಬೆ, ಈರುಳ್ಳಿ ರಫ್ತಿಗೆ ಕೊಟ್ಟ ರೈತರು ರಫ್ತುದಾರರಿಂದ ಈ ನಂಬರ್ ಕೇಳಿ ಇಟ್ಟುಕೊಳ್ಳಿ. ಮಾಲು ಎಲ್ಲಿ ನಿಂತಿದೆ ಎಂದು ಮತ್ತೊಬ್ಬರ ಬಾಯಿಂದಲೇ ಕೇಳಬೇಕಾಗಿಲ್ಲ.

ಮಾಲು ಹೇಗಿದೆ?

ಕೊಯ್ದ ಮೇಲೂ ಹಣ್ಣು, ತರಕಾರಿ ಉಸಿರಾಡುತ್ತವೆ. ಶಾಖ ಬಿಡುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಹೆಚ್ಚುಕಡಿಮೆ ಎರಡು ಮೂರು ಪಟ್ಟಾಗುತ್ತದೆ. ಅಷ್ಟೇ ಬೇಗ ಬಾಳಿಕೆಯೂ ಇಳಿಯುತ್ತದೆ. ಹಾಗಂತ ಎಲ್ಲವನ್ನೂ ಒಂದೇ ತರ ತಂಪು ಮಾಡಿದರೂ ಕೆಡುತ್ತದೆ. ಸಾಮಾನ್ಯವಾಗಿ ಪಾಲಿಸುವ ಮಟ್ಟ ಹೀಗಿದೆ:

• ಬಲಿತ ಹಸಿರು ಟೊಮೆಟೊ: 12ರಿಂದ 15 ಡಿಗ್ರಿ. ಇದಕ್ಕಿಂತ ತುಂಬಾ ತಂಪಾದರೆ ಆಮೇಲೆ ಸರಿಯಾಗಿ ಬಣ್ಣ ಬರುವುದಿಲ್ಲ.
• ಬಾಳೆ: 13ರಿಂದ 14 ಡಿಗ್ರಿ. ಕಡಿಮೆಯಾದರೆ ಸಿಪ್ಪೆ ಕಂದು.
• ಮಾವು: ಸುಮಾರು 13 ಡಿಗ್ರಿ.
• ದ್ರಾಕ್ಷಿ: ಸೊನ್ನೆಯ ಆಸುಪಾಸು.
• ಗುಲಾಬಿ ಹೂ: 2ರಿಂದ 4 ಡಿಗ್ರಿ.

ಶೀತಲ ಲಾರಿಯಲ್ಲಿ ಮಾಲು ಹಾಕಿದೆವು, ತಂಪಾಗಿಯೇ ಹೋಯಿತು ಎಂದು ನಂಬುವುದು ಹಳೆಯ ಕ್ರಮ. ಡೀಸೆಲ್ ಉಳಿಸಲು ದಾರಿಯಲ್ಲಿ ಯಂತ್ರ ಆಫ್ ಮಾಡಿ, ಊರು ಹತ್ತಿರ ಬಂದಾಗ ಆನ್ ಮಾಡುವವರೂ ಇದ್ದಾರೆ. ಬಾಗಿಲು ತೆಗೆದಾಗ ತಣ್ಣಗಿರುತ್ತದೆ, ಹಣ್ಣು ಮಾತ್ರ ಎರಡು ದಿನದಲ್ಲಿ ಕೈಕೊಡುತ್ತದೆ. ಇದಕ್ಕೆ ಮದ್ದು ಡೇಟಾ ಲಾಗರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ. ಬಾಕ್ಸ್‌ಗಳ ನಡುವೆ ಇಟ್ಟರೆ ಕೆಲವು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳುತ್ತಾ ಹೋಗುತ್ತದೆ. ತಲುಪಿದ ಮೇಲೆ ಕಂಪ್ಯೂಟರಿಗೆ ಚುಚ್ಚಿದರೆ ಎಲ್ಲಿ, ಎಷ್ಟು ಹೊತ್ತು ಬಿಸಿಯಾಯಿತು ಎಂದು ಗೆರೆ ಎಳೆದು ತೋರಿಸುತ್ತದೆ. ಆ ಕ್ಷಣದಲ್ಲೇ ಮೊಬೈಲಿಗೆ ಎಚ್ಚರಿಕೆ ಕಳಿಸುವ ಸಾಧನಗಳೂ ಇವೆ.

ಹಡಗಿನ ಕಂಟೇನರುಗಳಲ್ಲಿ ಇದು ಮುಂದೆ ಹೋಗಿದೆ. ಡೆನ್ಮಾರ್ಕಿನ ಮೆರ್ಸ್ಕ್ ಕಂಪನಿ 2017ರಿಂದ ತನ್ನ ಶೀತಲ ಕಂಟೇನರುಗಳ ಒಳಗಿನ ಉಷ್ಣತೆ, ತೇವಾಂಶ, ವಿದ್ಯುತ್ ಸ್ಥಿತಿಯನ್ನು ಗ್ರಾಹಕರೇ ದೂರದಿಂದ ನೋಡುವ ವ್ಯವಸ್ಥೆ ಕೊಟ್ಟಿದೆ. ಸಮುದ್ರದ ಮಧ್ಯೆ ಯಂತ್ರ ಹೆಚ್ಚುಕಮ್ಮಿ ಆದರೆ ಹಡಗಿನ ಸಿಬ್ಬಂದಿಗೆ ತಿಳಿಸಿ ಅಲ್ಲೇ ಸರಿಪಡಿಸಬಹುದು. ಮೊದಲಾದರೆ ಬಂದರಿನಲ್ಲಿ ಬಾಗಿಲು ತೆಗೆದಾಗಲೇ ಗೊತ್ತಾಗುತ್ತಿತ್ತು.

ಇಲ್ಲಿ ರೈತರು ಗಮನಿಸಬೇಕಾದ್ದು ಒಂದಿದೆ. ಶೀತಲ ಲಾರಿಯ ಯಂತ್ರ ಇರುವುದು ತಂಪಾಗಿರುವ ಮಾಲನ್ನು ತಂಪಾಗಿಯೇ ಇಡಲು. ಬಿಸಿಲಲ್ಲಿ ಕೊಯ್ದ ಬಿಸಿ ಹಣ್ಣನ್ನು ನೇರ ತುಂಬಿದರೆ ಅದನ್ನು ತಣಿಸಲು ಯಂತ್ರಕ್ಕೆ ಬಹಳ ಹೊತ್ತು ಬೇಕು, ನಡುವಿನ ಬಾಕ್ಸ್ ತಣಿಯುವುದೇ ಇಲ್ಲ. ಬೆಳಗಿನ ಹೊತ್ತು ಕೊಯ್ದು, ನೆರಳಲ್ಲಿ ಇಟ್ಟು, ಆದರೆ ಪೂರ್ವ ಶೀತಲೀಕರಣ ಮಾಡಿ ತುಂಬಿ. ಇಲ್ಲದಿದ್ದರೆ ಲಾಗರ್ ನಮ್ಮ ತಪ್ಪನ್ನೇ ತೋರಿಸುತ್ತದೆ!

ದಾರಿ ಮುಚ್ಚಿದರೆ?

2024ರ ಮಳೆಗಾಲ ನೆನಪಿದೆಯಲ್ಲ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳೇ ಹೋದವು. ಲಾರಿಗಳು ನದಿಗೆ ಬಿದ್ದವು. ಅದೇ ತಿಂಗಳ ಕೊನೆಗೆ ಶಿರಾಡಿ ಘಾಟಿಯಲ್ಲಿ, ಸಕಲೇಶಪುರದ ದೊಡ್ಡತಪ್ಪಲು ಬಳಿ, ಮತ್ತೆ ಮತ್ತೆ ಮಣ್ಣು ಕುಸಿದು ಹೆದ್ದಾರಿ 75 ಬಂದಾಯಿತು. ಜುಲೈ 26ರಂದು ಅದೇ ಘಟ್ಟದ ರೈಲು ಮಾರ್ಗದಲ್ಲೂ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ, ಭೂಕುಸಿತವಾಗಿ ರೈಲು ನಿಂತವು. ಮಂಗಳೂರು ಬಂದರಿಗೆ ಕಾಫಿ, ಘಟ್ಟದ ಕೆಳಗಿಂದ ಮೇಲಕ್ಕೆ ಅಡಿಕೆ, ಮೇಲಿಂದ ಕೆಳಕ್ಕೆ ತರಕಾರಿ, ಎಲ್ಲಕ್ಕೂ ಇದೇ ದಾರಿ.

ಇದರಿಂದ ಕಲಿಯಬೇಕಾದ್ದು ಏನೆಂದರೆ, ರಸ್ತೆ ಇಲ್ಲದಿದ್ದರೆ ರೈಲು ಇದೆ ಎಂದುಕೊಂಡವರಿಗೆ ಎರಡೂ ಇರಲಿಲ್ಲ. ಯಾಕೆ? ಎರಡೂ ಒಂದೇ ಗುಡ್ಡ, ಒಂದೇ ಮಳೆ ನಂಬಿದ್ದವು. ಪರ್ಯಾಯ ಅಂದರೆ ಅದು ಬೇರೆ ಅಪಾಯದ ಕೆಳಗೆ ಇರಬೇಕು. ಎರಡು ಬೋರ್‌ವೆಲ್ ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಇದ್ದ ಹಾಗೆ ಆಗಬಾರದು.

ಸಾಗಾಟದ ಕಂಪನಿಗಳ ತಂತ್ರಾಂಶ ಈಗ ಹವಾಮಾನ ಮುನ್ಸೂಚನೆ, ಸಂಚಾರದ ಸ್ಥಿತಿ, ಗಾಡಿಗಳ ಹಳೆಯ ಓಡಾಟದ ದಾಖಲೆ, ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಹಾಕುತ್ತದೆ. ಘಟ್ಟದಲ್ಲಿ ರೆಡ್ ಅಲರ್ಟ್ ಇದ್ದರೆ ಹಾಸನದಲ್ಲೇ ಗಾಡಿ ನಿಲ್ಲಿಸಬೇಕಾ, ಸಂಪಾಜೆ ಕಡೆ ತಿರುಗಿಸಬೇಕಾ, ಆ ಗಾತ್ರದ ಲಾರಿಗೆ ಚಾರ್ಮಾಡಿಯಲ್ಲಿ ಅವಕಾಶ ಇದೆಯಾ, ಎಷ್ಟು ಗಂಟೆ ಹೆಚ್ಚು, ಎಷ್ಟು ಡೀಸೆಲ್ ಹೆಚ್ಚು ಎಂದು ಮೊದಲೇ ಲೆಕ್ಕ ಹಾಕಿ ಇಡಬಹುದು. ಗಾಡಿ ಘಾಟಿಯ ಮಧ್ಯೆ ಸಿಕ್ಕಿಹಾಕಿಕೊಂಡ ಮೇಲೆ ಯೋಚಿಸುವುದಕ್ಕೂ, ಹಾಸನದಲ್ಲಿ ಇರುವಾಗಲೇ ನಿರ್ಧರಿಸುವುದಕ್ಕೂ ಒಂದು ಲೋಡಿನ ವ್ಯತ್ಯಾಸ ಇದೆ.

ಸಮುದ್ರದಲ್ಲೂ ಇದೇ ಕಥೆ. 2021ರ ಮಾರ್ಚ್ 23ರಿಂದ ಆರು ದಿನ ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ದೊಡ್ಡ ಕಂಪನಿಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಯುರೋಪಿಗೆ ಹೋಗುವ ದ್ರಾಕ್ಷಿ ಸುಮಾರು 10ರಿಂದ 14 ದಿನ ಹೆಚ್ಚು ಪೆಟ್ಟಿಗೆಯಲ್ಲಿ ಕೂರಬೇಕಾಯಿತು. ಹಡಗಿನ ದಾರಿ ಬದಲಾಯಿಸುವುದು ನಮ್ಮ ಕೈಲಿಲ್ಲ. ಆದರೆ ತಡ ಎಷ್ಟು ಎಂದು ಮೊದಲೇ ಗೊತ್ತಾದರೆ ಗಟ್ಟಿ ಹಣ್ಣಿನ ಗೊಂಚಲು ಮಾತ್ರ ಆರಿಸಿ ಪ್ಯಾಕ್ ಮಾಡಬಹುದು, ಕೊಳ್ಳುವವರಿಗೆ ತಿಳಿಸಿ ದಿನಾಂಕ ಬದಲಿಸಬಹುದು, ಕೆಲವು ಮಾಲನ್ನು ಒಳದೇಶದ ಮಾರುಕಟ್ಟೆಗೋ ಒಣದ್ರಾಕ್ಷಿಗೋ ತಿರುಗಿಸಬಹುದು. ಮಾಹಿತಿ ಬೇಗ ಬಂದರೆ ಆಯ್ಕೆ ಉಳಿಯುತ್ತದೆ. ತಡವಾಗಿ ಬಂದರೆ ಸುದ್ದಿ ಮಾತ್ರ ಉಳಿಯುತ್ತದೆ.

ಬೇರೆ ಗಾಡಿ ಎಲ್ಲಿ?

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಬೆಳೆ ಹೊಲದಲ್ಲಿತ್ತು, ಲಾರಿ ಎಲ್ಲೋ ಇತ್ತು, ಚಾಲಕ ಊರಿಗೆ ಹೋಗಿದ್ದ. ನಮ್ಮ ಕಡೆ ಟೊಮೆಟೊ, ಎಲೆಕೋಸು, ಹೂವು ತಿಪ್ಪೆ ಸೇರಿದ್ದು ಎಲ್ಲರೂ ನೋಡಿದ್ದೇವೆ. ಆಗ ಏಪ್ರಿಲ್ 17ರಂದು ಕೇಂದ್ರ ಸರಕಾರ ಕಿಸಾನ್ ರಥ್ ಎಂಬ ಆ್ಯಪ್ ಬಿಟ್ಟಿತು. ರೈತರು, ಎಫ್‌ಪಿಒಗಳು ಮತ್ತು ವ್ಯಾಪಾರಿಗಳು ಮಾಲು ಎಷ್ಟು, ಎಲ್ಲಿಂದ ಎಲ್ಲಿಗೆ ಎಂದು ಹಾಕಿದರೆ ಸಾಗಾಟದವರು ಬಾಡಿಗೆ ಹೇಳುತ್ತಾರೆ. ಅದೇ ವರ್ಷ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಲಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಿತು. ಹಣ್ಣು, ತರಕಾರಿಗೆ ಬಾಡಿಗೆಯಲ್ಲಿ ಶೇ. 50 ರಿಯಾಯಿತಿ ಸಿಕ್ಕಿತ್ತು. ನಮ್ಮ ಕೋಲಾರ ಜಿಲ್ಲೆಯ ದೊಡ್ಡನತ್ತ ನಿಲ್ದಾಣದಿಂದ 2021ರಲ್ಲಿ ಮಾವು ದೆಹಲಿಗೆ ಹೋಯಿತು.

ಲೋಡ್ ಮತ್ತು ಲಾರಿಯನ್ನು ಜೋಡಿಸುವ ಖಾಸಗಿ ವೇದಿಕೆಗಳೂ ಈಗ ಸಾಕಷ್ಟು ಇವೆ. ಒಂದು ಊರಿಗೆ ಮಾಲು ಒಯ್ದ ಲಾರಿ ಖಾಲಿ ವಾಪಸ್ ಬರುವುದು ಮಾಲೀಕನಿಗೂ ನಷ್ಟ, ನಮಗೂ ಬಾಡಿಗೆ ಹೆಚ್ಚು. ಯಾವ ಗಾಡಿ ಎಲ್ಲಿ ಖಾಲಿ ಇದೆ ಎಂದು ಕಂಪ್ಯೂಟರಿಗೆ ಗೊತ್ತಿದ್ದರೆ ಸಾಮಾನ್ಯ ದಿನದಲ್ಲಿ ಬಾಡಿಗೆ ಕಡಿಮೆಯಾಗುತ್ತದೆ. ಕಷ್ಟದ ದಿನದಲ್ಲಿ ಅದೇ ಪಟ್ಟಿ ಬದಲಿ ಗಾಡಿ ಹುಡುಕಿಕೊಡುತ್ತದೆ. ಹಿಂದೆ ಏಜೆಂಟ್ ಹತ್ತು ಫೋನ್ ಮಾಡಿ ಒಂದು ಗಾಡಿ ಹುಡುಕುತ್ತಿದ್ದ. ಈಗ ನಿಂತ ಜಾಗದ ಸುತ್ತ 50 ಕಿಲೋಮೀಟರ್ ಒಳಗೆ ಯಾರಿದ್ದಾರೆ ಎಂದು ನೋಡಬಹುದು.

ಕಾಗದಪತ್ರವೂ ಸರಪಳಿಯ ಒಂದು ಕೊಂಡಿ

ಗಾಡಿ ಬದಲಾಯಿಸಿದರೆ ಕಾಗದ ಏನು ಮಾಡುವುದು ಎಂದು ಹಲವರು ಕೇಳುತ್ತಾರೆ. ತಾಜಾ ಹಣ್ಣು, ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ವೇ ಬಿಲ್ ಬೇಕಾಗಿಲ್ಲ. ಒಣ ಅಡಿಕೆ, ಕಾಳುಮೆಣಸಿನಂತಹ ತೆರಿಗೆ ಇರುವ ಮಾಲಿಗೆ ಸಾಮಾನ್ಯವಾಗಿ 50,000 ರೂಪಾಯಿ ಮೀರಿದರೆ ಬೇಕು. ಇದು 2018ರ ಏಪ್ರಿಲ್ 1ರಿಂದ ಬಂತು. ರಾಜ್ಯದ ಒಳಗಿನ ಸಾಗಾಟಕ್ಕೂ ಅದೇ ದಿನ ಶುರು ಮಾಡಿದ ಮೊದಲ ರಾಜ್ಯ ನಮ್ಮದು. ಸಾಮಾನ್ಯ ಲಾರಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಕೊಡುತ್ತಾರೆ. ಗಾಡಿ ಕೆಟ್ಟರೆ ಅದೇ ಬಿಲ್ಲಿನಲ್ಲಿ ಹೊಸ ಗಾಡಿಯ ನಂಬರ್ ಹಾಕಬಹುದು. ದಾರಿ ಬಂದ್ ಆಗಿ ತಡವಾದರೆ ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ, ಮುಗಿದ 8 ಗಂಟೆಯೊಳಗೆ ಕಾರಣ ಹೇಳಿ ವಿಸ್ತರಿಸಬಹುದು. ಈ ಸಮಯ ಬಿಟ್ಟರೆ ದಂಡ ಬೀಳುತ್ತದೆ. ಮಳೆಗಾಲದಲ್ಲಿ ಅಡಿಕೆ ಕಳಿಸುವವರು ಇದನ್ನು ಮರೆಯಬೇಡಿ.

ಡಿಜಿಟಲ್ಲೇ ಕೈಕೊಟ್ಟರೆ?

ಇಲ್ಲಿ ತನಕ ಓದಿ ಕಂಪ್ಯೂಟರ್ ಇದ್ದರೆ ಎಲ್ಲ ಆಯಿತು ಅನ್ನಿಸಬಹುದು. ಹಾಗಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ದಾಳಿ ಮೇಲೆ ಹೇಳಿದ ಮೆರ್ಸ್ಕ್ ಕಂಪನಿಯನ್ನೇ ಮಲಗಿಸಿತು. ನಮ್ಮ ಜೆಎನ್‌ಪಿಟಿಯಲ್ಲಿ ಅವರು ನಡೆಸುತ್ತಿದ್ದ ಟರ್ಮಿನಲ್ಲಿಗೂ ಪೆಟ್ಟು ಬಿತ್ತು. ಕಂಪನಿ ಸುಮಾರು 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಆ ಹತ್ತು ದಿನ ಸಿಬ್ಬಂದಿ ಕಾಗದ, ಪೆನ್ನು, ಫೋನ್ ಹಿಡಿದು ಕೆಲಸ ನಡೆಸಿದರು. ಹಾಗಾಗಿ ಸರಕು ಸಾಗಾಟ ಶೇ. 20ರಷ್ಟು ಮಾತ್ರ ಇಳಿಯಿತು ಎಂದು ಕಂಪನಿಯ ಅಧ್ಯಕ್ಷರೇ ಆಮೇಲೆ ಹೇಳಿದರು. ಕಂಪ್ಯೂಟರುಗಳ ದಾಖಲೆ ಉಳಿದದ್ದು ಹೇಗೆ ಗೊತ್ತಾ? ಆಫ್ರಿಕಾದ ಘಾನಾದಲ್ಲಿ ಕರೆಂಟ್ ಹೋಗಿದ್ದರಿಂದ ಒಂದು ಮುಖ್ಯ ಸರ್ವರ್ ಆಫ್ ಆಗಿತ್ತು. ಅದೊಂದಕ್ಕೆ ವೈರಸ್ ತಗಲಿರಲಿಲ್ಲ.

ನಮಗೆ ಇದರ ಪಾಠ ಸರಳ. ಆ್ಯಪ್ ಇರಲಿ, ಜೊತೆಗೆ ಒಂದು ಚೀಟಿಯೂ ಇರಲಿ. ಗಾಡಿ ನಂಬರ್, ಚಾಲಕನ ನಂಬರ್, ಮಾರುಕಟ್ಟೆಯವರ ನಂಬರ್ ಪುಸ್ತಕದಲ್ಲಿ ಬರೆದಿಡಿ. ನೆಟ್‌ವರ್ಕ್ ಇಲ್ಲದ ದಿನವೂ ಕೆಲಸ ನಿಲ್ಲಬಾರದು.

ಇನ್ನೂ ಒಂದು ಮಾತು. ಚಾಲಕನನ್ನು ಕಳ್ಳನಂತೆ ಕಾಯುವುದಕ್ಕೆ ಈ ಸಾಧನ ಬಳಸಬೇಡಿ. ಗಾಡಿ 20 ನಿಮಿಷ ನಿಂತರೆ ಅವನು ಊಟ ಮಾಡುತ್ತಿರಬಹುದು. ನಿದ್ದೆ ಬಂದರೆ ಅವನು ಮಲಗಲೇಬೇಕು, ಇಲ್ಲದಿದ್ದರೆ ಅಪಘಾತ. ಓಡಿಸುವಾಗ ಪದೇ ಪದೇ ಫೋನ್ ಮಾಡಿದರೂ ಅಪಾಯ. ನಮ್ಮ ಚಾಲಕನ ಮೇಲೆ ಬಂದ ಸುಳ್ಳು ಅಪವಾದ ಅಳಿಸಿದ್ದೂ ಇದೇ ದಾಖಲೆ ಎಂದು ನೆನಪಿರಲಿ.

ಲೋಡ್ ಮಾಡುವ ಮುಂಚೆ ಏನು ಕೇಳಬೇಕು?

• ಗಾಡಿಯಲ್ಲಿ ಜಿಪಿಎಸ್ ಇದೆಯಾ? ಈ ಟ್ರಿಪ್ ಮುಗಿಯುವ ತನಕ ನೋಡುವ ಲಿಂಕ್ ನಮಗೂ ಕೊಡುತ್ತೀರಾ?
• ರಾತ್ರಿ ಯಾರು ನೋಡುತ್ತಾರೆ? ಎಷ್ಟು ಹೊತ್ತು ನಿಂತರೆ ಫೋನ್ ಮಾಡುತ್ತೀರಿ?
• ಗಾಡಿ ಕೆಟ್ಟರೆ ಎಷ್ಟು ಗಂಟೆಯಲ್ಲಿ ಬದಲಿ ಗಾಡಿ? ಮಾಲು ಬದಲಾಯಿಸುವ ಹಮಾಲಿ ಖರ್ಚು ಯಾರದು? ಇದನ್ನು ಬುಕಿಂಗ್ ಕಾಗದದಲ್ಲಿ ಬರೆಸಿ.
• ಮಳೆಗಾಲವಾದರೆ ಪರ್ಯಾಯ ದಾರಿ ಯಾವುದು? ಹೆಚ್ಚುವರಿ ಬಾಡಿಗೆ ಎಷ್ಟು?
• ಶೀತಲ ಗಾಡಿಯಾದರೆ ಲಾಗರ್ ಯಾರದು? ಅದರ ಪ್ರತಿ ನಮಗೆ ಸಿಗುತ್ತದಾ?
• ಮಾಲಿಗೆ ವಿಮೆ ಇದೆಯಾ? ಗಾಡಿಯ ವಿಮೆ ಬೇರೆ, ಮಾಲಿನ ವಿಮೆ ಬೇರೆ.

ನಾವು ಮಾಡಬೇಕಾದ್ದು:

• ಲೋಡ್ ಆಗುವಾಗ ಮಾಲಿನ ಫೋಟೋ, ವೇ ಬ್ರಿಡ್ಜ್ ಚೀಟಿ, ಹೊರಟ ಸಮಯ ಇಟ್ಟುಕೊಳ್ಳಿ.
• ಚಾಲಕನ ಜೊತೆಗೆ ಮಾಲೀಕನ ನಂಬರನ್ನೂ ಪಡೆಯಿರಿ. ಫಾಸ್ಟ್ಯಾಗ್ ಮೆಸೇಜ್ ಸಾಮಾನ್ಯವಾಗಿ ಹೋಗುವುದು ಮಾಲೀಕನಿಗೆ.
• ವಾಟ್ಸಾಪ್ ಲೈವ್ ಲೊಕೇಶನ್ ಒಮ್ಮೆ ಹಾಕಿದರೆ 8 ಗಂಟೆಗೆ ನಿಲ್ಲುತ್ತದೆ. ದೂರದ ದಾರಿಗೆ ಊಟ, ಚಹಾ ಹೊತ್ತಿಗೆ ಮತ್ತೆ ಹಾಕಲು ಚಾಲಕನಿಗೆ ಹೇಳಿ.
• ನಷ್ಟವಾದರೆ ಬಾಯಿಮಾತಿನ ಜಗಳ ಬೇಡ. 2007ರ ರಸ್ತೆ ಸಾಗಾಟ ಕಾಯ್ದೆ ಪ್ರಕಾರ ಸಾಗಾಟದ ಸಂಸ್ಥೆಯ ಮೇಲೆ ದಾವೆ ಹೂಡಬೇಕಾದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಅದಕ್ಕೆ ಸರಕು ರಸೀದಿ ಬೇಕು. ರಸೀದಿ ಇಲ್ಲದೆ ಲೋಡ್ ಬಿಡಬೇಡಿ.

ಸಣ್ಣ ರೈತರಿಗೆ ಇದೆಲ್ಲ ಆಗುತ್ತದಾ?

ಒಬ್ಬರಿಗೆ ಕಷ್ಟ. 40 ಬಾಕ್ಸ್ ಹಾಕುವವನ ಮಾತನ್ನು ಯಾವ ಕಂಪನಿಯೂ ಕೇಳುವುದಿಲ್ಲ. ಹತ್ತು ಜನ ಸೇರಿ ಪೂರ್ತಿ ಲಾರಿ ತುಂಬಿದರೆ ಕೇಳುತ್ತಾರೆ. ಎಫ್‌ಪಿಒ ಇದ್ದರೆ ಅದರ ಮೂಲಕ ಮಾಡಿ. ಮತ್ತೆ ಮತ್ತೆ ಬಳಸುವ ಲಾಗರ್ ಒಂದೆರಡು ಕೊಂಡರೆ ಎಲ್ಲರಿಗೂ ಆಗುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಗಾಡಿ ನೋಡಿಕೊಳ್ಳುವ ವ್ಯವಸ್ಥೆ ಇರುವವರಿಗೇ ಕೊಡಿ. ಬಾಕ್ಸಿಗೆ ಎರಡು ರೂಪಾಯಿ ಉಳಿಸಲು ಹೋಗಿ ನಾವು 170 ಬಾಕ್ಸ್ ಚೆಲ್ಲಿದವರು.

ಈಗ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ದೂರದ ಲೋಡ್ ಹೋದ ದಿನ ಒಬ್ಬರು ಗಾಡಿ ಕಾಯಬೇಕು. ಕಾಯುವುದು ಅಂದರೆ ಎರಡು ಗಂಟೆಗೊಮ್ಮೆ ಮೊಬೈಲ್ ನೋಡುವುದು, ಅಷ್ಟೇ. ಕಳೆದ ಸಲ ನಾಗಪುರದ ದಾರಿಯಲ್ಲೇ ಕರ್ನೂಲು ದಾಟಿ ಒಂದು ಗಾಡಿ ಮುಕ್ಕಾಲು ಗಂಟೆ ನಿಂತಿತು. ನಾವು ಫೋನ್ ಮಾಡುವ ಮೊದಲೇ ಕಂಪನಿಯಿಂದ ಫೋನ್ ಬಂತು. ರೇಡಿಯೇಟರ್ ಸೋರಿತ್ತು. ನಾಲ್ಕು ಗಂಟೆಯಲ್ಲಿ ಹತ್ತಿರದ ಖಾಲಿ ಗಾಡಿ ಬಂದು ಮಾಲು ಬದಲಾಯಿತು. ಬೆಳಗಿನ ಮೊದಲ ಹರಾಜು ತಪ್ಪಿತು, ಆದರೆ ಮಾಲು ಅದೇ ದಿನ ಮಾರಾಟವಾಯಿತು. ಹಾಳಾಗಿದ್ದು 11 ಬಾಕ್ಸ್. ಅದೂ ಇಳಿಸಿ ಏರಿಸುವಾಗ ಬಿದ್ದವು.

ನಾವು ತಪ್ಪು ತಿಳಿದಿದ್ದ ಆ ಹಳೆಯ ಚಾಲಕ ಈಗಲೂ ನಮ್ಮ ಲೋಡ್ ಒಯ್ಯುತ್ತಾನೆ. ಹೊರಡುವ ಮುಂಚೆ ಯಾರೂ ಕೇಳದಿದ್ದರೂ ತಾನೇ ಲೊಕೇಶನ್ ಕಳಿಸುತ್ತಾನೆ. ಜೊತೆಗೆ ಒಂದು ಪವರ್ ಬ್ಯಾಂಕ್ ಇಟ್ಟುಕೊಂಡಿದ್ದಾನೆ. ಅದನ್ನು ಕೊಡಿಸಿದ್ದು ನಾವು ನಾಲ್ಕು ಜನ. ನೀವೂ ಮುಂದಿನ ಲೋಡ್ ಕಳಿಸುವಾಗ ಚಾಲಕನ ಫೋನಲ್ಲಿ ಚಾರ್ಜ್ ಇದೆಯಾ ಎಂದು ಕೇಳಿ. ಖರ್ಚಿಲ್ಲದ ಕೆಲಸ, ಅಲ್ಲಿಂದಲೇ ಶುರು ಮಾಡಿ.